ಮೂರು ಇಂಚು ಎತ್ತಿದ್ದ ಪಿಕಪ್: ಒಂದು ಗಾಡಿಯ ಪೂರ್ತಿ ವಿವರ

ಹೋದ ವರ್ಷ ಅಕ್ಟೋಬರ್. ಮಳೆ ಸ್ವಲ್ಪ ಬಿಡುವು ಕೊಟ್ಟಿತ್ತು. ಮಾದಾಪುರದ ಕಡೆಯಿಂದ ಒಂದು ಡಬಲ್ ಕ್ಯಾಬಿನ್ ಪಿಕಪ್ಪನ್ನು ಟ್ರ್ಯಾಕ್ಟರಿಗೆ ಕಟ್ಟಿ ಸೋಮವಾರಪೇಟೆಯ ನನ್ನ ಶೆಡ್ಡಿಗೆ ಎಳೆದು ತಂದರು. ದೂರದಿಂದ ನೋಡಿದರೆ ಗಾಡಿ ಜೋರಾಗಿತ್ತು. ದೊಡ್ಡ ಟೈರು, ಎದೆ ಎತ್ತಿ ನಿಂತ ಬಾನೆಟ್. ಹತ್ತಿರ ಹೋದರೆ ಎಡಗಡೆ ಮುಂದಿನ ಚಕ್ರದ ಒಳಗೆಲ್ಲ ಗ್ರೀಸು ಎರಚಿ ಕಪ್ಪಾಗಿತ್ತು. ಬಂಪರಿನ ಒಂದು ಮೂಲೆ ಚರಂಡಿ ಕಲ್ಲಿಗೆ ಬಡಿದು ಮಡಚಿಕೊಂಡಿತ್ತು.

ಯಾವ ಕಂಪನಿ, ಯಾವ ಮಾಡೆಲ್ ಅಂತ ಹೇಳುವುದಿಲ್ಲ. ನಮ್ಮ ಕಡೆ ಅಂಥ ಗಾಡಿ ಬೆರಳೆಣಿಕೆಯಷ್ಟಿವೆ. ಹೆಸರು ಹೇಳಿದರೆ ಯಾರ ಮನೆಯದ್ದು ಅಂತ ಮುಂದಿನ ಸಂತೆಯೊಳಗೆ ಊರಿಗೆಲ್ಲ ಗೊತ್ತಾಗಿಬಿಡುತ್ತದೆ. ಇಷ್ಟು ಸಾಕು: 2009ರ ಗಾಡಿ, ಫೋರ್ ವೀಲ್ ಡ್ರೈವ್, ಮುಂದೆ ಟಾರ್ಷನ್ ಬಾರ್, ಹಿಂದೆ ಕಮಾನ್ ಪಟ್ಟಿ, ಎರಡೂ ಗಾಡಿಯ ಭಾರ ಹೊರುವ ಸ್ಪ್ರಿಂಗುಗಳೇ. ತೋಟದ ಕೆಲಸಕ್ಕೇ ಇಟ್ಟುಕೊಂಡದ್ದು. ಗೊಬ್ಬರ, ಕಾಫಿ ಚೀಲ, ಕೆಲವೊಮ್ಮೆ ಆಳುಗಳು.

ಗಾಡಿ ಅಪ್ಪನ ಹೆಸರಿನಲ್ಲಿದೆ, ಓಡಿಸುವುದು ಮಗ. ಅವನನ್ನು ಶಾಲೆಗೆ ಹೋಗುತ್ತಿದ್ದ ಕಾಲದಿಂದ ನೋಡಿದ್ದೇನೆ. ಇಳಿದವನೇ, "ಅಣ್ಣಾ, 50 ದಾಟಿದ್ರೆ ಗಾಡಿ ನಡುಗುತ್ತೆ. ಸಿವಿ ಜಾಯಿಂಟೂ ಹೋಗಿದೆ. ಅದಷ್ಟು ಸರಿ ಮಾಡ್ಕೊಡಿ. ಹಾಗೇ ಇನ್ನೊಂದು ಇಂಚು ಎತ್ತೋಕಾಗುತ್ತಾ?" ಅಂದ. ಸಿವಿ ಜಾಯಿಂಟ್ ಅಂದರೆ ಮುಂದಿನ ಚಕ್ರ ಯಾವ ಕಡೆ ತಿರುಗಿದರೂ ಇಂಜಿನ್ನಿನ ಶಕ್ತಿಯನ್ನು ಅದಕ್ಕೆ ಮುಟ್ಟಿಸುವ ಕೀಲು. ಅಪ್ಪ ಟ್ರ್ಯಾಕ್ಟರಿನ ಪಕ್ಕ ನಿಂತು ಆಕಾಶ ನೋಡುತ್ತಿದ್ದರು.

ಆ ಮೇ ತಿಂಗಳಲ್ಲಿ ಹೊರಗಿನ ಊರಿನ ಒಂದು ಗ್ಯಾರೇಜಿನಲ್ಲಿ ಮೂರು ಇಂಚು ಲಿಫ್ಟ್, ಅಂದರೆ ಗಾಡಿಯ ಮೈಯನ್ನು ಚಕ್ರದಿಂದ ಮೇಲೆತ್ತುವ ಕೆಲಸ, ಮಾಡಿಸಿದ್ದ. ಒಂದೇ ದಿನದ ಕೆಲಸ. ಮಳೆಗಾಲ ಹೇಗೋ ಕಳೆಯಿತು. ಕೊನೆಗೆ 14 ಚೀಲ ಪೊಟ್ಯಾಷ್ ಹೇರಿಕೊಂಡು ಇಳಿಜಾರಿನಲ್ಲಿ ಬರುವಾಗ ತಿರುವಿನಲ್ಲಿ ಬ್ರೇಕ್ ಒತ್ತಿದ್ದಾನೆ. ಚೀಲಕ್ಕೆ 50 ಕೆಜಿ, ಒಟ್ಟು 700 ಕೆಜಿ ಹಿಂದೆ. ಗಾಡಿ ಮೂಗು ಬಗ್ಗಿಸಿತು, ಮುಂದಿನ ಚಕ್ರ ಕಚ್ಚಿಕೊಂಡಿತು, ಸ್ಟೇರಿಂಗ್ ತಿರುಗಿಸಿದರೂ ನೇರ ಜಾರಿ ಚರಂಡಿಗೆ ಹೋಯಿತು. ಯಾರಿಗೂ ಏನೂ ಆಗಲಿಲ್ಲ. ಎದುರಿನಿಂದ ಬಸ್ಸು ಬರಲಿಲ್ಲ ಅನ್ನುವುದೊಂದೇ ಅದೃಷ್ಟ. ಹುಡುಗ ಇದನ್ನು ಜಾರಿಕೆಯ ರಸ್ತೆಯ ತಪ್ಪು ಅಂತಲೇ ತಿಳಿದಿದ್ದ.

ಕೆಳಗೆ ನುಗ್ಗಿ ನೋಡಿದಾಗ

ಹಿಂದಿನಿಂದ ಶುರು ಮಾಡಿದೆ. ಆಕ್ಸಲ್ಲಿಗೂ ಕಮಾನ್ ಪಟ್ಟಿಗೂ ನಡುವೆ ಕಬ್ಬಿಣದ ಬ್ಲಾಕ್. ಒಂದಲ್ಲ, ಎರಡು, ಒಂದರ ಮೇಲೊಂದು ಇಟ್ಟು ವೆಲ್ಡ್ ಮಾಡಿದ್ದು. ಪಟ್ಟಿಯನ್ನು ಆಕ್ಸಲ್ಲಿಗೆ ಬಿಗಿಯುವ ಯು ಬೋಲ್ಟ್ ಉದ್ದ ಸಾಲದೆ ಹಳೆಯದಕ್ಕೇ ಸರಳಿನ ತುಂಡು ಬೆಸೆದಿದ್ದರು. ಅದನ್ನು ನೋಡಿ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ. ಆಕ್ಸಲ್ಲನ್ನು ಗಾಡಿಗೆ ಹಿಡಿದಿಟ್ಟಿರುವುದು ಆ ನಾಲ್ಕು ಬೋಲ್ಟುಗಳೇ. ಒಮ್ಮೆ ಪೂರ್ತಿ ಬಿಗಿ ಮಾಡಿ ಬಿಚ್ಚಿದ ಯು ಬೋಲ್ಟನ್ನು ಮತ್ತೆ ಹಾಕುವುದೇ ತಪ್ಪು, ಅದು ಎಳೆದುಕೊಂಡು ಹಿಗ್ಗಿರುತ್ತದೆ. ಬೆಸೆದ ಯು ಬೋಲ್ಟಂತೂ ಬೇಡವೇ ಬೇಡ. ಬೆಸುಗೆಯ ಪಕ್ಕದ ಕಬ್ಬಿಣ ಪೆಡಸಾಗಿ ಯಾವತ್ತೋ ಒಂದು ದಿನ ಹೇಳದೆ ಕೇಳದೆ ಮುರಿಯುತ್ತದೆ.

ನಡುಕದ ಕಾರಣವೂ ಅಲ್ಲೇ ಸಿಕ್ಕಿತು. ಬ್ಲಾಕುಗಳಲ್ಲಿ ಒಂದು ಬೆಣೆಯ ಹಾಗೆ ಇಳಿಜಾರಾಗಿತ್ತು, ಡಿಫರೆನ್ಷಿಯಲ್ (ಹಿಂದಿನ ಆಕ್ಸಲ್ಲಿನ ನಡುವಿನ ಗೇರಿನ ಗುಂಡು) ಮೂತಿಯ ಕೋನ ಸರಿಪಡಿಸಲು ಮಾಡಿದ್ದು. ಆದರೆ ಹಿಂದುಮುಂದು ಮಾಡಿ ಇಟ್ಟಿದ್ದರು. ಮೇಲೆ ನೋಡಬೇಕಾದ ಮೂತಿ ಇನ್ನೂ ಕೆಳಗೆ ನೋಡುತ್ತಿತ್ತು. ಇಂಜಿನ್ನಿನ ಶಕ್ತಿಯನ್ನು ಆ ಮೂತಿಗೆ ತರುವ ಪ್ರೊಪೆಲ್ಲರ್ ಶಾಫ್ಟಿನ ಎರಡು ತುದಿಯ ಕ್ರಾಸ್ ಜಾಯಿಂಟುಗಳ ಕೋನ ಹೆಚ್ಚು ಕಡಿಮೆ ಒಂದೇ ಇರಬೇಕು. ಆಗ ಒಂದು ಜಾಯಿಂಟ್ ಕೊಡುವ ಜಗ್ಗಾಟವನ್ನು ಇನ್ನೊಂದು ಸರಿದೂಗಿಸುತ್ತದೆ. ಮೊಬೈಲಿನ ಲೆವೆಲ್ ಇಟ್ಟು ಅಳೆದರೆ ಒಂದು ಕಡೆ 2 ಡಿಗ್ರಿ, ಇನ್ನೊಂದು ಕಡೆ 8. ನಡುಗದೆ ಏನು ಮಾಡುತ್ತದೆ ಪಾಪ.

ಇನ್ನು ಬ್ರೇಕ್. ಅದು ಲಿಫ್ಟಿಗೂ ಬ್ರೇಕಿಗೂ ಸಂಬಂಧವೇ ಇಲ್ಲ ಅಂದುಕೊಳ್ಳುವವರು ಓದಬೇಕಾದ ಭಾಗ. ಇಂಥ ಪಿಕಪ್ಪುಗಳಲ್ಲಿ ಹಿಂದಿನ ಆಕ್ಸಲ್ಲಿಂದ ಚಾಸಿಗೆ (ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟಿಗೆ) ಒಂದು ತೆಳು ಕಡ್ಡಿ ಇರುತ್ತದೆ, ಅದರ ಮೇಲ್ತುದಿಯಲ್ಲಿ ಲೋಡ್ ಸೆನ್ಸಿಂಗ್ ವಾಲ್ವ್. ಲೋಡ್ ಹಾಕಿದಾಗ ಚಾಸಿ ಕೆಳಗಿಳಿಯುತ್ತದೆ, ಕಡ್ಡಿ ತಿರುಗುತ್ತದೆ, ವಾಲ್ವು ಹಿಂದಿನ ಬ್ರೇಕಿಗೆ ಜಾಸ್ತಿ ಒತ್ತಡ ಬಿಡುತ್ತದೆ. ಖಾಲಿ ಇದ್ದಾಗ ಕಡಿಮೆ ಬಿಡುತ್ತದೆ, ಇಲ್ಲದಿದ್ದರೆ ಹಿಂದಿನ ಚಕ್ರ ಲಾಕ್ ಆಗಿ ಗಾಡಿ ಗಿರಕಿ ಹೊಡೆಯುತ್ತದೆ. ಬ್ಲಾಕ್ ಇಟ್ಟಾಗ ಚಾಸಿ ಮೂರು ಇಂಚು ಮೇಲೆ ಹೋಯಿತು. ಕಡ್ಡಿಯ ಬ್ರ್ಯಾಕೆಟ್ ಮಾತ್ರ ಇದ್ದಲ್ಲೇ ಉಳಿಯಿತು. ಅಲ್ಲಿಂದ ಮುಂದೆ ವಾಲ್ವಿನ ಲೆಕ್ಕದಲ್ಲಿ ಆ ಗಾಡಿ ಯಾವಾಗಲೂ ಖಾಲಿ. 14 ಚೀಲ ಹೇರಿದಾಗಲೂ ಖಾಲಿ. ಹಿಂದಿನ ಬ್ರೇಕ್ ಅರ್ಧಂಬರ್ಧ, ಎಲ್ಲ ಹೊರೆ ಮುಂದಿನ ಚಕ್ರದ ಮೇಲೆ.

ಮುಂದಿನ ಕಥೆ ಚಿಕ್ಕದು. ಟಾರ್ಷನ್ ಬಾರ್ ಅಂದರೆ ಉದ್ದಕ್ಕೆ ಮಲಗಿಸಿದ ಉಕ್ಕಿನ ಸರಳು. ಕಾಯಿಲ್ ಸ್ಪ್ರಿಂಗ್ ಮಾಡುವ ಕೆಲಸವನ್ನು ಅದು ತಿರುಚಿಕೊಂಡು ಮಾಡುತ್ತದೆ. ಹಿಂತುದಿಯಲ್ಲಿ ಒಂದು ಬೋಲ್ಟ್. ಬಿಗಿ ಮಾಡಿದರೆ ಮುಂಭಾಗ ಏಳುತ್ತದೆ. ಒಂದು ಸ್ಪ್ಯಾನರ್, ಅರ್ಧ ಗಂಟೆ, ಖರ್ಚಿಲ್ಲ. ಅದಕ್ಕೇ ಎಲ್ಲರಿಗೂ ಅದರ ಮೇಲೆ ಆಸೆ. ಈ ಗಾಡಿಯಲ್ಲಿ ಬೋಲ್ಟು ಕೊನೆಯ ಎಳೆಯವರೆಗೆ ಹೋಗಿತ್ತು. ಬೋಲ್ಟ್ ಬಿಗಿ ಮಾಡಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ಸರಳು ಅದೇ, ಅದರ ಗಡಸುತನವೂ ಅದೇ. ಚಕ್ರಕ್ಕೆ ಕೆಳಗಿಳಿಯಲು ಜಾಗ ಉಳಿಯುವುದಿಲ್ಲ, ಅಷ್ಟೇ. ಹೊಂಡ ಬಂದಾಗ ಚಕ್ರ ಇಳಿಯುವ ಬದಲು ಅದನ್ನು ಹಿಡಿದ ಆರ್ಮು ಅದರ ತಡೆಗೆ, ಅಂದರೆ ಸ್ಟಾಪಿಗೆ, ಹೋಗಿ ಟಪ್ ಅಂತ ಹೊಡೆಯುತ್ತದೆ. ಜನ ಆ ಹೊಡೆತವನ್ನೇ 'ಗಟ್ಟಿ ಸಸ್ಪೆನ್ಷನ್' ಅನ್ನುತ್ತಾರೆ. ಆಕ್ಸಲ್ ಶಾಫ್ಟಿನ ಕೋನ ಜಾಸ್ತಿಯಾಗಿ ಸಿವಿ ಬೂಟು, ಅಂದರೆ ಆ ಜಾಯಿಂಟಿನ ರಬ್ಬರ್ ಹೊದಿಕೆ, ಉಜ್ಜಿ ಹರಿದಿತ್ತು. ಸೂರ್ಲಬ್ಬಿ ಕಡೆಯ ಮಳೆಯಲ್ಲಿ ಹರಿದ ಬೂಟಿಗೆ ಎಷ್ಟು ಆಯಸ್ಸು ಅಂತ ಕೇಳುವುದೇ ಬೇಡ. ಕೆಸರು ನೀರು ಒಳಗೆ ಹೋಗಿ ಜಾಯಿಂಟ್ ಅರೆದುಕೊಂಡಿತ್ತು. ಅಲೈನ್‌ಮೆಂಟ್ ಮಾಡಿಸಿಯೇ ಇರಲಿಲ್ಲ. ಐದು ತಿಂಗಳಲ್ಲಿ ಮುಂದಿನ ಟೈರುಗಳ ಹೊರ ಅಂಚು ನುಣ್ಣಗಾಗಿತ್ತು.

ಇಷ್ಟರ ಜೊತೆ ಹಿಂದಿನ ಬ್ರೇಕ್ ಹೋಸು ಚಕ್ರ ಪೂರ್ತಿ ನೇತಾಡಿದಾಗ ತಂತಿಯ ಹಾಗೆ ಬಿಗಿಯುತ್ತಿತ್ತು. ಶಾಕ್ ಅಬ್ಸಾರ್ಬರ್ ಹಳೆ ಉದ್ದದವೇ. ಹೆಡ್‌ಲೈಟು ಸಿಲ್ವರ್ ಮರದ ಮೇಲಿನ ಮೆಣಸು ತೋರಿಸುತ್ತಿತ್ತು.

ಮೊದಲು ಸೊನ್ನೆಗೆ

"ಎಲ್ಲ ಬಿಚ್ಚಬೇಕು ತಮ್ಮಾ" ಅಂದೆ. ಹುಡುಗನ ಮುಖ ಸಣ್ಣದಾಯಿತು. ಅಪ್ಪ ಮೊದಲ ಸಲ ಬಾಯಿಬಿಟ್ಟರು: "ಬಿಚ್ಚಿ."

ಬ್ಲಾಕ್ ತೆಗೆದು, ಟಾರ್ಷನ್ ಬಾರನ್ನು ಹಳೆಯ ಗುರುತಿಗೆ ತಂದು, ಸಮತಟ್ಟು ನೆಲದಲ್ಲಿ ನಿಲ್ಲಿಸಿ ಅಳೆದೆ. ಚಕ್ರದ ನಡುಬಿಂದುವಿನಿಂದ ನೇರ ಮೇಲೆ ಮಡ್‌ಗಾರ್ಡಿನ ಅಂಚಿನವರೆಗೆ. ನೆಲದಿಂದ ಅಳೆಯಬಾರದು, ಟೈರು ಸವೆದಿದ್ದರೂ ಗಾಳಿ ಕಡಿಮೆಯಿದ್ದರೂ ಲೆಕ್ಕ ತಪ್ಪುತ್ತದೆ. ಹಿಂದೆ ಎಡಕ್ಕೆ 498 ಮಿಲಿಮೀಟರ್, ಬಲಕ್ಕೆ 484. ಮುಂದೆ 470 ಮತ್ತು 463. ಇಂಥದ್ದೇ ಇನ್ನೊಂದು ಗಾಡಿ, ಕಡಿಮೆ ಓಡಿದ್ದು, ಕುಶಾಲನಗರದಲ್ಲಿತ್ತು. ಹೋಗಿ ಅದನ್ನೂ ಅಳೆದು ಬಂದೆ. ಹಿಂದೆ ಎರಡೂ ಕಡೆ 520ರ ಸುಮಾರು, ಮುಂದೆ 482.

ಅಂದರೆ ಈ ಗಾಡಿ ಹದಿನೈದು ವರ್ಷ ಹೊರೆ ಹೊತ್ತು ಹಿಂದೆ ಒಂದು ಕಡೆ 22, ಇನ್ನೊಂದು ಕಡೆ 36 ಮಿಲಿಮೀಟರ್ ಕುಸಿದಿತ್ತು. ಬಲಗಡೆ ಒಂದೂವರೆ ಇಂಚು ಹತ್ತಿರ! ಹುಡುಗ ಹುಡುಕುತ್ತಿದ್ದ ಎತ್ತರದಲ್ಲಿ ಅರ್ಧ ಗಾಡಿಯದ್ದೇ ಆಗಿತ್ತು, ಕಳೆದುಕೊಂಡಿತ್ತು. ಹಳೆ ಗಾಡಿ ಎತ್ತುವವರು ಮೊದಲು ಇದನ್ನು ಅಳೆಯಬೇಕು. ನಾನು ನೋಡಿದವರಲ್ಲಿ ಹೆಚ್ಚಿನವರು ಅಳೆದಿರುವುದಿಲ್ಲ. ಸುಸ್ತಾದ ಕಮಾನಿನ ಕೆಳಗೆ ಬ್ಲಾಕ್ ಇಡುವುದು ಅಂದರೆ ಬೆನ್ನು ಬಾಗಿದ ಅಜ್ಜನಿಗೆ ಹೈ ಹೀಲ್ ಹಾಕಿದ ಹಾಗೆ.

ಸುಣ್ಣದ ಪರೀಕ್ಷೆ

ಎಷ್ಟು ಎತ್ತಬೇಕು ಅನ್ನುವುದಕ್ಕಿಂತ ಮೊದಲು ಎಲ್ಲಿ ತಾಗುತ್ತಿದೆ ಅಂತ ಗೊತ್ತಾಗಬೇಕಲ್ವಾ? ಒಂದು ಡಬ್ಬಿ ಸುಣ್ಣ ಕಲಸಿ ಗಾಡಿಯ ಹೊಟ್ಟೆಗೆ ಬಳಿದೆವು. ಡಿಫರೆನ್ಷಿಯಲ್, ಸೈಲೆನ್ಸರ್ ಪೈಪು, ಸೈಡ್ ಸ್ಟೆಪ್ಪು, ಹಿಂದಿನ ಹುಕ್ಕು, ಅಡಿಯಲ್ಲಿ ನೇತು ಹಾಕಿದ ಸ್ಟೆಪ್ನಿ, ಎಲ್ಲಕ್ಕೂ. ಹಳೆ ಸಿವಿ ಜಾಯಿಂಟ್ ಬದಲಿಸಿ, ಅವರ ತೋಟದ ರಸ್ತೆಯಲ್ಲೇ ನಿಧಾನ ಹತ್ತಿಸಿ ಇಳಿಸಿದೆ.

ವಾಪಸ್ ಬಂದು ನೋಡಿದರೆ ಸೈಡ್ ಸ್ಟೆಪ್ಪಿನ ಸುಣ್ಣ ಎರಡೂ ಕಡೆ ಪೂರ್ತಿ ಹೋಗಿತ್ತು. ಹುಕ್ಕು ಬೋಳಾಗಿತ್ತು. ಸ್ಟೆಪ್ನಿಯ ಹಿಂಬದಿ ಉಜ್ಜಿಕೊಂಡಿತ್ತು. ಡಿಫರೆನ್ಷಿಯಲ್ ಒಂದೇ ಜಾಗದಲ್ಲಿ ತಾಗಿತ್ತು: ಎರಡು ಚಕ್ರದ ಜಾಡಿನ ನಡುವೆ ಏರಿ ನಿಂತ ಒಂದು ದಿಬ್ಬ, ಸುಮಾರು ಇಪ್ಪತ್ತು ಅಡಿ ಉದ್ದ. ಚಾಸಿ, ಟ್ರಾನ್ಸ್‌ಫರ್ ಕೇಸ್, ಡೀಸೆಲ್ ಟ್ಯಾಂಕ್ ಇವುಗಳ ಸುಣ್ಣ ಬಳಿದ ಹಾಗೇ ಇತ್ತು.

ಈಗ ಹುಡುಗನನ್ನು ಕೂರಿಸಿ ಹೇಳಿದೆ. ಸಸ್ಪೆನ್ಷನ್ ಎಷ್ಟೇ ಎತ್ತಿದರೂ ಚಾಸಿ ಮಾತ್ರ ಮೇಲೆ ಹೋಗುತ್ತದೆ. ಹಿಂದಿನ ಆಕ್ಸಲ್ಲು, ಅದರ ಜೊತೆ ಡಿಫರೆನ್ಷಿಯಲ್ಲು, ಟೈರಿನ ನಡುಮಧ್ಯದಲ್ಲೇ ಕೂತಿರುತ್ತವೆ. ಅದನ್ನು ಎತ್ತುವುದು ಟೈರು ಮಾತ್ರ, ಅದೂ ಅರ್ಧ. ಗಾಡಿಯ ಅಸಲಿ ಟೈರು 245/75 ಆರ್ 16, ವ್ಯಾಸ 774 ಮಿಲಿಮೀಟರ್. ಅವನು ಹಾಕಿಸಿದ್ದು 265/75 ಆರ್ 16, ವ್ಯಾಸ 804. ಮೂವತ್ತು ಮಿಲಿಮೀಟರ್ ದೊಡ್ಡ ಟೈರು ಕೊಟ್ಟದ್ದು ಹದಿನೈದು ಮಿಲಿಮೀಟರ್ ಎತ್ತರ. ಹೆಬ್ಬೆರಳಿನ ದಪ್ಪವೂ ಇಲ್ಲ. ಅದಕ್ಕೆ ಕೊಟ್ಟ ಬೆಲೆ: ಸ್ಪೀಡೋಮೀಟರ್ ನೂರಕ್ಕೆ ನಾಲ್ಕು ಕಡಿಮೆ ತೋರಿಸುತ್ತದೆ, ಏರಿನಲ್ಲಿ ಎಳೆತವೂ ಅಷ್ಟೇ ಕಡಿಮೆ, ಪೂರ್ತಿ ತಿರುಗಿಸಿದರೆ ಮಡ್‌ಗಾರ್ಡಿಗೆ ಉಜ್ಜುತ್ತದೆ.

ಇನ್ನೊಂದು ಲೆಕ್ಕವನ್ನೂ ಬಿಲ್ಲಿನ ಹಿಂಬದಿಯಲ್ಲಿ ಬರೆದು ತೋರಿಸಿದೆ. ಚಕ್ರದಿಂದ ಚಕ್ರಕ್ಕೆ ಅಗಲ 1500 ಮಿಲಿಮೀಟರ್, ಗಾಡಿಯ ಭಾರದ ಕೇಂದ್ರ ನೆಲದಿಂದ 700 ಎತ್ತರ ಅಂತಿಟ್ಟುಕೊಳ್ಳಿ. ಹಾಗಿದ್ದರೆ ಕಾಗದದ ಮೇಲೆ 47 ಡಿಗ್ರಿ ವಾಲಿದಾಗ ಮಗುಚುತ್ತದೆ. ಮೂರು ಇಂಚು ಎತ್ತಿದರೆ 44. ಚೀಲ ಹೇರಿ ಕೇಂದ್ರ 975ಕ್ಕೆ ಏರಿದರೆ 38ರೊಳಗೆ. ನಿಜವಾದ ರಸ್ತೆಯಲ್ಲಿ ಸ್ಪ್ರಿಂಗ್ ಬಗ್ಗುತ್ತದೆ, ಟೈರು ಒತ್ತುತ್ತದೆ, ಕೆಳಗಿನ ಚಕ್ರ ಹೊಂಡಕ್ಕಿಳಿಯುತ್ತದೆ. ಅಷ್ಟು ಕಾಯುವುದೇ ಇಲ್ಲ, ಬೇಗ ಮಗುಚುತ್ತದೆ. ಗುಡ್ಡ ಕಡಿದು ಮಾಡಿದ ನಮ್ಮ ತೋಟದ ರಸ್ತೆಗಳೆಲ್ಲ ಒಂದು ಕಡೆ ದರೆ, ಒಂದು ಕಡೆ ಪ್ರಪಾತ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದದ್ದನ್ನು ಆ ಭಾಗದವರು ಕಣ್ಣಾರೆ ಕಂಡಿದ್ದಾರೆ. ರಸ್ತೆಯ ಹೊರ ಅಂಚು ಗಟ್ಟಿ ಇದೆ ಅಂತ ನಂಬಿ ಯಾರೂ ಗಾಡಿ ಓಡಿಸುವುದಿಲ್ಲ.

ಮಾಂದಲಪಟ್ಟಿ ಗುಡ್ಡಕ್ಕೆ ಪ್ರವಾಸಿಗರನ್ನು ಹೊತ್ತೊಯ್ಯುವ ಜೀಪುಗಳಲ್ಲಿ ಕೆಲವು ನನ್ನ ಹತ್ತಿರ ರಿಪೇರಿಗೆ ಬರುತ್ತವೆ. ಅವುಗಳಲ್ಲಿ ಎತ್ತಿದ ಜೀಪು ಅಪರೂಪ. ಆ ಡ್ರೈವರುಗಳು ಕಮಾನು, ಬುಶ್ಶು, ಟೈರು ಇವುಗಳಿಗೆ ದುಡ್ಡು ಹಾಕುತ್ತಾರೆ. ದಿನಕ್ಕೆ ನಾಲ್ಕು ಟ್ರಿಪ್ ಹೊಡೆಯುವವನಿಗೆ ಶೋಕಿಗೆ ಪುರುಸೊತ್ತಿಲ್ಲ.

ಕೊನೆಗೆ ಮಾಡಿದ ಕೆಲಸ

ಸೈಡ್ ಸ್ಟೆಪ್ ಬಿಚ್ಚಿದೆವು. ಹುಕ್ಕನ್ನು ಮೇಲಕ್ಕೆ ಸರಿಸಿದೆವು. ಸ್ಟೆಪ್ನಿಯನ್ನು ಟ್ರಾಲಿಯೊಳಗೆ, ಅಂದರೆ ಗಾಡಿಯ ಹಿಂದೆ ಚೀಲ ಹೇರುವ ಜಾಗದಲ್ಲಿ, ನಿಲ್ಲಿಸಿ ಬಿಗಿದೆವು. ಒಂದು ಇಂಚೂ ಎತ್ತದೆ ತೊಂದರೆಯ ಮುಕ್ಕಾಲು ಪಾಲು ಹೋಯಿತು.

ಹಿಂದೆ ಹೊಸ ಕಮಾನ್ ಸೆಟ್ ಹಾಕಿದೆ. ಹಳೆಯದನ್ನೇ ಬಡಿಸಿ ಬಾಗಿಸಿದರೆ ಆಗಲ್ವಾ ಅಂತ ಅಪ್ಪ ಕೇಳಿದರು. ತಣ್ಣಗೆ ಬಡಿದ ಪಟ್ಟಿ ಬೇಗ ಮತ್ತೆ ಕುಸಿಯುತ್ತದೆ, ಕೆಲವೊಮ್ಮೆ ಬಡಿದ ಗುರುತಿನಲ್ಲೇ ಬಿರುಕು ಬಿಡುತ್ತದೆ. ಹೊರೆ ಹೊರುವ ಗಾಡಿಗೆ ಬೇಡ ಅಂದೆ. ಸೆಟ್ಟಿನ ಜೊತೆ ಉದ್ದದ ಒಂದು ಪಟ್ಟಿ ಹೆಚ್ಚಿಗೆ ಸೇರಿಸಿದೆ. ಖಾಲಿ ಓಡಿಸುವಾಗ ಸ್ವಲ್ಪ ಕುಲುಕುತ್ತದೆ, ಆದರೆ ಈ ಗಾಡಿ ಖಾಲಿ ಓಡುವುದು ಕಡಿಮೆ. ಹೊಸ ಯು ಬೋಲ್ಟು, ಹೊಸ ಸೆಂಟರ್ ಬೋಲ್ಟು, ಹೊಸ ಬುಶ್ಶು.

ಈ ಕೆಲಸವನ್ನು ಶೆಡ್ಡಿನಲ್ಲಿ ಮಾಡುವ ರೀತಿಯನ್ನೂ ಹೇಳಬೇಕು, ಯಾಕೆಂದರೆ ಮನೆಯಂಗಳದಲ್ಲಿ ಮಾಡುವವರು ಜಾಸ್ತಿ. ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು. ಹಿಂಭಾಗ ಎತ್ತಿದ ಮೇಲೆ ಅದು ಹಾಕಿದ್ದರೂ ಒಂದೇ, ಬಿಟ್ಟಿದ್ದರೂ ಒಂದೇ. ಮುಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಕಟ್ಟೆ ಕೊಟ್ಟ ಮೇಲೆಯೇ ಜಾಕ್ ಮುಟ್ಟಬೇಕು. ಭಾರ ಚಾಸಿಯ ಕೆಳಗಿನ ಸ್ಟ್ಯಾಂಡಿನ ಮೇಲೆ ಇರಬೇಕು, ಜಾಕಿನ ಮೇಲಲ್ಲ. ಜಂಬಿಟ್ಟಿಗೆ ಕಲ್ಲು ಪೇರಿಸಿ ಅದರ ಮೇಲೆ ಗಾಡಿ ನಿಲ್ಲಿಸಿದ್ದನ್ನು ನಾನು ನೋಡಿದ್ದೇನೆ. ಆ ಕಲ್ಲು ಭಾರಕ್ಕೆ ಪುಡಿಯಾಗುವಾಗ ಶಬ್ದ ಕೊಡುವುದಿಲ್ಲ. ಕಮಾನನ್ನು ಒಂದೊಂದೇ ಕಡೆ ಬಿಚ್ಚಬೇಕು. ಎರಡೂ ಒಟ್ಟಿಗೆ ಬಿಚ್ಚಿದರೆ ಆಕ್ಸಲ್ ಮಗುಚಿ ಬ್ರೇಕ್ ಹೋಸನ್ನು ಕಿತ್ತುಕೊಂಡು ಹೋಗುತ್ತದೆ. ಟಾರ್ಷನ್ ಬೋಲ್ಟ್ ಮುಟ್ಟುವ ಮೊದಲು ಮುಂಭಾಗ ಎತ್ತಿ ಚಕ್ರ ನೇತಾಡಿಸಬೇಕು, ಭಾರದಲ್ಲಿ ತಿರುಗಿಸಿದರೆ ಎಳೆಯೇ ಕಿತ್ತು ಬರುತ್ತದೆ. ಎಷ್ಟು ಸುತ್ತು ತಿರುಗಿಸಿದೆ ಅಂತ ಬರೆದಿಡಬೇಕು. ಬುಶ್ಶಿನ ಬೋಲ್ಟುಗಳನ್ನು ಮಾತ್ರ ಗಾಡಿ ನೆಲಕ್ಕಿಳಿದು ತನ್ನ ಭಾರದಲ್ಲಿ ಕೂತ ಮೇಲೆ ಬಿಗಿಯಬೇಕು. ನೇತಾಡುವಾಗಲೇ ಬಿಗಿದರೆ ರಬ್ಬರು ತಿರುಚಿಕೊಂಡೇ ಇರುತ್ತದೆ, ಕೆಲವೇ ತಿಂಗಳಲ್ಲಿ ಹರಿಯುತ್ತದೆ.

ಸೆಟ್ ಕೂತ ಮೇಲೆ ಹಿಂದೆ ಎರಡೂ ಕಡೆ 535 ಬಂತು. ಮುಂದಿನದನ್ನು 492ಕ್ಕೆ ತಂದೆ, ಅಷ್ಟೇ. ಅಸಲಿಗಿಂತ ಹತ್ತು ಮಿಲಿಮೀಟರ್. ಚಕ್ರದ ಒಟ್ಟು ಆಟದಲ್ಲಿ ಮೂರನೇ ಒಂದು ಭಾಗವಾದರೂ ಕೆಳಗಿಳಿಯಲು ಉಳಿಯಬೇಕು ಅನ್ನುವುದು ನನ್ನ ಅಳತೆ. ಅದಕ್ಕಿಂತ ಮೇಲೆ ಹೋಗಲು ಹುಡುಗ ಎಷ್ಟು ಕೇಳಿದರೂ ಒಪ್ಪಲಿಲ್ಲ. ಪ್ರೊಪೆಲ್ಲರ್ ಶಾಫ್ಟಿನ ಎರಡು ತುದಿಯ ಕೋನಗಳ ನಡುವೆ ಈಗ ಒಂದು ಡಿಗ್ರಿಯೂ ವ್ಯತ್ಯಾಸವಿರಲಿಲ್ಲ, ಬೆಣೆ ಬೇಕಾಗಲಿಲ್ಲ. ಶಾಕ್ ಅಬ್ಸಾರ್ಬರುಗಳನ್ನು ಚಕ್ರ ಪೂರ್ತಿ ಇಳಿಸಿ, ಪೂರ್ತಿ ಒತ್ತಿ, ಎರಡೂ ಅಳತೆ ತೆಗೆದುಕೊಂಡು ತರಿಸಿದೆ. ಹಿಂದಿನ ಬ್ರೇಕ್ ಹೋಸು ಹೊಸದು, ಸ್ವಲ್ಪ ಉದ್ದದ್ದು. ಲೋಡ್ ವಾಲ್ವಿನ ಕಡ್ಡಿಯನ್ನು ಹೊಸ ಎತ್ತರಕ್ಕೆ ಹೊಂದಿಸಿ, ಟ್ರಾಲಿಗೆ ಮರಳು ಚೀಲ ತುಂಬಿ, ಖಾಲಿ ಮೈದಾನದಲ್ಲಿ ಮೊದಲು 20, ಆಮೇಲೆ 40ರ ವೇಗದಲ್ಲಿ ಬ್ರೇಕ್ ಹೊಡೆದು ನೋಡಿದೆವು. ನಾಲ್ಕೂ ಚಕ್ರ ನೆಲ ಹಿಡಿದವು. ಕೊನೆಗೆ ಅಲೈನ್‌ಮೆಂಟ್, ಹೆಡ್‌ಲೈಟ್. 500 ಕಿಲೋಮೀಟರ್ ಆದ ಮೇಲೆ ವಾಪಸ್ ಕರೆಸಿ ಯು ಬೋಲ್ಟ್ ಮತ್ತೆ ಬಿಗಿದೆ. ಎಡಗಡೆಯದು ಕಾಲು ಸುತ್ತು ತೆಗೆದುಕೊಂಡಿತು.

ದೊಡ್ಡ ಟೈರು ವಿಷಯದಲ್ಲಿ ಮಾತ್ರ ಜಗಳವೇ ಆಯಿತು. ಮಾರಿಬಿಡು ಅಂದೆ. ಅವನು ಎರಡು ದಿನ ಮಾತಾಡಲಿಲ್ಲ. ಆಮೇಲೆ ಅವನೇ ಗಿರಾಕಿ ಹುಡುಕಿಕೊಂಡ.

ಕಾಗದದ ವಿಷಯ. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯ ವಿವರ ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ತಿದ್ದುಪಡಿಯ ನಂತರ ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಇಲ್ಲಿ ಮಾಲೀಕ ಅಂದರೆ ಅಪ್ಪ, ಸ್ಟೇರಿಂಗ್ ಹಿಡಿದ ಮಗ ಅಲ್ಲ. ಇದನ್ನು ಹೇಳಿದಾಗ ಅವರು ಮಗನನ್ನು ನೋಡಿದ ನೋಟ ನನಗೆ ಇನ್ನೂ ನೆನಪಿದೆ. ಅಸಲಿ ಎತ್ತರಕ್ಕೆ ತರುವುದು ರಿಪೇರಿ. ಅದಕ್ಕಿಂತ ಮೇಲೆ ಹೋಗುವ ಮುಂಚೆ ಮಡಿಕೇರಿಯ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ಇನ್ಶೂರೆನ್ಸ್‌ನವರಿಗೂ ಬರೆದು ತಿಳಿಸಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಇವರಿಗೂ ಹೇಳಿದೆ. ಇವರು ಬರೆದು ಕೊಟ್ಟರು.

ಖರ್ಚು? ಮೊದಲಿನ ಲಿಫ್ಟಿಗೆ ಕೊಟ್ಟದ್ದರ ಹೆಚ್ಚು ಕಡಿಮೆ ಎರಡರಷ್ಟು. ಅದರಲ್ಲಿ ಸಿವಿ ಜಾಯಿಂಟ್, ಬಂಪರ್ ಮತ್ತು ಮುಂದಿನ ಟೈರು ಆ ಲಿಫ್ಟಿನಿಂದಲೇ ಹಾಳಾದವು.

ಈ ಮಳೆಗಾಲದ ನಂತರ

ಗಾಡಿ ಮೊನ್ನೆ ಸರ್ವೀಸಿಗೆ ಬಂದಿತ್ತು. ಅಳೆದೆ. ಹಿಂದೆ 529ಕ್ಕೆ ಇಳಿದಿದೆ, ಎರಡೂ ಕಡೆ ಸಮ. ಹೊಸ ಕಮಾನು ಅಷ್ಟು ಕೂರುವುದು ಸಹಜ. ಟೈರು ಸಮವಾಗಿ ಸವೆದಿದೆ. ಬೂಟು ಗಟ್ಟಿಯಿದೆ. ನಡುಕ ಇಲ್ಲ.

"ಎಲ್ಲೂ ಸಿಕ್ಕಿಹಾಕ್ಕೊಳ್ಳಲಿಲ್ವಾ?" ಅಂತ ಕೇಳಿದೆ.

"ಒಂದ್ಸಲ ಅಣ್ಣಾ. ಜುಲೈಯಲ್ಲಿ. ಅದೇ ದಿಬ್ಬದ ಮೇಲೆ ಡಿಫರೆನ್ಷಿಯಲ್ ಕೂತ್ಕೊಂಡ್ಬಿಡ್ತು."

"ಆಮೇಲೆ?"

"ಅಪ್ಪ ಎರಡು ಆಳು ಕಳಿಸಿದ್ರು. ಗುದ್ದಲಿ, ಹಾರೆ. ಮಧ್ಯಾಹ್ನದೊಳಗೆ ದಿಬ್ಬಾನೇ ಇರಲಿಲ್ಲ."

ಅಪ್ಪನಿಗೆ ಈಗ ಒಂದೇ ದೂರು. ಸ್ಟೆಪ್ನಿ ಟ್ರಾಲಿಯಲ್ಲಿ ಎರಡು ಚೀಲದ ಜಾಗ ತಿನ್ನುತ್ತದಂತೆ. ಕ್ಯಾಬಿನ್ನಿನ ಹಿಂದೆ ನೆಟ್ಟಗೆ ನಿಲ್ಲಿಸಲು ಒಂದು ಸ್ಟ್ಯಾಂಡ್ ಮಾಡಿಕೊಡಿ ಅಂದಿದ್ದಾರೆ. ಕಾಫಿ ಕೊಯ್ಲು ಶುರುವಾಗುವ ಮುಂಚೆ ಮಾಡಿ ಕೊಡಬೇಕು.